ನನ್ನ ಸಾವನ್ನು ನೀನು ಬರೆಯಬೇಡ

ಕಳೆದ ಜುಲೈ ತಿಂಗಳ ಒಂದು ರಾತ್ರಿ. ಪುಣೆಯ ಮಳೆ ಬಿಟ್ಟೂ ಬಿಡದೆ ಹನಿಯುತ್ತಿತ್ತು. ಒಂಬತ್ತನೇ ತರಗತಿಯಲ್ಲಿ ಓದುವ ನನ್ನ ಮಗಳು ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಕಣ್ಣು ಕೆಂಪಾಗಿತ್ತು.

"ಅಪ್ಪ, ನನ್ನನ್ನ ಸಾಯಿಸಿಬಿಟ್ಟ."

ಗಾಬರಿಯಾಗಿ ವಿಚಾರಿಸಿದ ಮೇಲೆ ವಿಷಯ ಗೊತ್ತಾಯಿತು. ಅವಳು ಮತ್ತು ಅವಳ ಐದು ಜನ ಗೆಳೆಯರು ಕೆಲವು ತಿಂಗಳಿಂದ ಒಂದು ಆಟ ಆಡುತ್ತಿದ್ದಾರೆ. ಮೂವರು ಪುಣೆಯವರು, ಒಬ್ಬಳು ನಾಗಪುರದವಳು, ಉಳಿದವರು ಬೇರೆ ಊರುಗಳಲ್ಲಿದ್ದಾರೆ. ಪ್ರತಿಯೊಬ್ಬರೂ ಒಬ್ಬ ಸೂಪರ್‌ಹೀರೋನನ್ನು ಸೃಷ್ಟಿಸಬೇಕು. ಸ್ಪೈಡರ್‌ಮ್ಯಾನ್, ಶಕ್ತಿಮಾನ್ ಯಾರೂ ಬರುವಂತಿಲ್ಲ. ಹೆಸರು, ಶಕ್ತಿ, ದೌರ್ಬಲ್ಯ, ಹಿಂದಿನ ಕಥೆ ಎಲ್ಲವೂ ಸ್ವಂತದ್ದಾಗಿರಬೇಕು. ಆಟದಲ್ಲಿ ಚಿತ್ರವಿಲ್ಲ, ಗುಂಡಿ ಒತ್ತಿ ಗುಂಡು ಹಾರಿಸುವುದಿಲ್ಲ. ಇರುವುದು ಬರವಣಿಗೆ ಮಾತ್ರ. ನಾಗಪುರದ ಹುಡುಗಿ ಗೇಮ್ ಮಾಸ್ಟರ್. ಅವಳು ಸನ್ನಿವೇಶ ಕೊಡುತ್ತಾಳೆ, ಉಳಿದವರು ತಮ್ಮ ಸರದಿ ಬಂದಾಗ ತಮ್ಮ ಪಾತ್ರ ಏನು ಮಾಡಿತು, ಏನು ಹೇಳಿತು ಎಂದು ಬರೆಯುತ್ತಾರೆ. ಹೀಗೆ ಸಾಲಿಗೆ ಸಾಲು ಸೇರಿ ಕಥೆ ಬೆಳೆಯುತ್ತದೆ.

ನನ್ನ ಮಗಳ ಪಾತ್ರದ ಹೆಸರು ಮುಠಾ, ನಮ್ಮೂರಿನ ನದಿಯದೇ ಹೆಸರು. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದು, ಅದರ ಕೆಳಗಿನ ಖಡಕ್‌ವಾಸ್ಲಾ ಅಣೆಕಟ್ಟೂ ತಡೆಯಲಾರದೆ, ಪುಣೆಯ ಹಳೇ ಪೇಠೆಗಳಿಗೆ ನೀರು ನುಗ್ಗಿತ್ತು. ಆ ನೀರಿನಲ್ಲಿ ಹುಟ್ಟಿದವಳು ಮುಠಾ. ನೀರು ಮುಟ್ಟಿದ ಎಲ್ಲದರ ನೆನಪೂ ಅವಳಿಗೆ ಕೇಳಿಸುತ್ತದೆ. ಬೇಸಿಗೆಯಲ್ಲಿ ನದಿ ಬತ್ತಿದಾಗ ಅವಳ ಶಕ್ತಿಯೂ ಬತ್ತುತ್ತದೆ.

ಆ ರಾತ್ರಿ ಆದದ್ದಿಷ್ಟು. ಇನ್ನೊಬ್ಬ ಹುಡುಗನ ಪಾತ್ರ ಲೋಹದ ಮೈಯವನು. ಅವನಿಗೂ ಮುಠಾಳಿಗೂ ಸೇತುವೆಯ ಮೇಲೆ ಜಗಳ. ಹುಡುಗ ತನ್ನ ಸರದಿಯಲ್ಲಿ ಒಂದೇ ಸಾಲು ಬರೆದ: ತನ್ನ ಏಟಿಗೆ ಮುಠಾ ಸೇತುವೆಯಿಂದ ಬಿದ್ದಳು, ಮತ್ತೆ ಏಳಲಿಲ್ಲ.

"ಹೊಡೀಲಿ ಅಪ್ಪ, ನಾನು ಬೇಡ ಅನ್ನಲ್ಲ. ಆದ್ರೆ ನಾನು ಬಿದ್ನೋ ಇಲ್ವೋ ಅಂತ ಬರೆಯೋಳು ನಾನು. ಅವನಲ್ಲ."

ಈ ಆಟ ಆಡುವವರ ಲೋಕದಲ್ಲಿ ಈ ತಪ್ಪಿಗೊಂದು ಹೆಸರೇ ಇದೆಯಂತೆ: ಗಾಡ್‌ಮಾಡಿಂಗ್. ತಾನೇ ದೇವರಾಗಿಬಿಡುವುದು ಎಂದು ಅರ್ಥಮಾಡಿಕೊಳ್ಳಬಹುದು. ನಿನ್ನ ಪಾತ್ರದ ಕೈ ಎಲ್ಲಿಯವರೆಗೆ ಬೀಸುತ್ತದೆ ಎಂದು ನೀನು ಬರೆಯಬಹುದು, ಆ ಏಟು ಇನ್ನೊಬ್ಬರ ಮೈಮೇಲೆ ಏನು ಮಾಡಿತು ಎಂದು ಬರೆಯುವ ಹಕ್ಕು ಆ ಇನ್ನೊಬ್ಬರದು. ಇದು ಈ ಆಟದ ಮೊದಲ ನಿಯಮ.

ಅವಳ ಮಾತು ಕೇಳುತ್ತಿದ್ದ ಹಾಗೆ ನನ್ನ ಮನಸ್ಸು ಕಾಸರಗೋಡಿನ ಕಡೆಗೆ ಹೋಯಿತು. ನಾನು ಬೆಳೆದದ್ದು ಅಲ್ಲಿ. ಚಿಕ್ಕಂದಿನಲ್ಲಿ ಮಳೆಗಾಲ ಬಂತೆಂದರೆ ಯಕ್ಷಗಾನದ ಮೇಳಗಳು ತಿರುಗಾಟ ನಿಲ್ಲಿಸುತ್ತಿದ್ದವು, ತಾಳಮದ್ದಳೆ ಶುರುವಾಗುತ್ತಿತ್ತು. ಯಾರದೋ ಮನೆಯ ಚಾವಡಿ, ಇಲ್ಲವೇ ದೇವಸ್ಥಾನದ ಗೋಪುರ. ಕಿರೀಟವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು ಶಾಲು ಹೊದ್ದ ನಾಲ್ಕಾರು ಮಂದಿ ಎದುರುಬದುರು ಕೂರುತ್ತಿದ್ದರು. ಅವರಲ್ಲೊಬ್ಬರು ರಾಮ, ಒಬ್ಬರು ವಾಲಿ, ಒಬ್ಬರು ಸುಗ್ರೀವ.

ಕರಾವಳಿಯಿಂದ ದೂರದ ಓದುಗರಿಗಾಗಿ ಇದರ ಕ್ರಮವನ್ನು ಸ್ವಲ್ಪ ಹೇಳಬೇಕು. ತಾಳಮದ್ದಳೆಯಲ್ಲಿ ಬರೆದಿರುವುದು ಪ್ರಸಂಗದ ಪದ್ಯಗಳು ಮಾತ್ರ. ಭಾಗವತರು ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆ ನುಡಿಯುತ್ತದೆ. ಆಮೇಲೆ ಆ ಪಾತ್ರ ವಹಿಸಿದವರು ಪದ್ಯಕ್ಕೆ ‘ಅರ್ಥ’ ಹೇಳುತ್ತಾರೆ. ಅದಕ್ಕೇ ಅವರು ಅರ್ಥಧಾರಿಗಳು. ಈ ಅರ್ಥವನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಎರಡು ಸಾಲಿನ ಪದ್ಯಕ್ಕೆ ಅರ್ಧ ಗಂಟೆ ಮಾತಾಡಬಹುದು. ಎದುರಿನ ಪಾತ್ರ ಏನು ಕೇಳುತ್ತದೆಂದು ಮೊದಲೇ ಗೊತ್ತಿರುವುದಿಲ್ಲ, ಕೇಳಿದ್ದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು.

ಹಾಗಾದರೆ ಅಲ್ಲಿ ಯಾರೂ ದೇವರಾಗಿಬಿಡದಂತೆ ತಡೆಯುವುದು ಯಾವುದು? ಮೊದಲನೆಯದು ಕಥೆ. ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳಲ್ಲಿ ವಾಲಿ ಸಾಯುತ್ತಾನೆ. ಅರ್ಥಧಾರಿ ಎಂಥ ಪಂಡಿತನಾದರೂ ಅವನನ್ನು ಬದುಕಿಸುವಂತಿಲ್ಲ. ಎರಡನೆಯದು ಭಾಗವತರು. ಮಾತು ಹಳಿ ತಪ್ಪಿತು, ಅಥವಾ ಯಾರೋ ಎದುರಾಳಿಗೆ ಬಾಯಿ ತೆರೆಯಲು ಬಿಡುತ್ತಿಲ್ಲ ಎಂದಾದರೆ ಮುಂದಿನ ಪದ್ಯ ಎತ್ತಿಕೊಂಡರಾಯಿತು, ಮಾತು ನಿಲ್ಲಲೇಬೇಕು. ಮೂರನೆಯದು ಬರೆದಿಡದ ಒಂದು ಮರ್ಯಾದೆ: ನನ್ನ ಪಾತ್ರದ ಮಾತು ನನ್ನದು, ನಿನ್ನದು ನಿನ್ನದು. ‘ನೀನು ನಿರುತ್ತರನಾದೆ’ ಎಂದು ಎದುರಾಳಿಗೆ ಹೇಳಿ ಕೂರಿಸುವಂತಿಲ್ಲ. ಅವನು ನಿಜವಾಗಿ ನಿರುತ್ತರನಾಗಬೇಕು, ಸಭೆ ಅದನ್ನು ಕಾಣಬೇಕು.

ವಾಲಿಯ ಸಂದರ್ಭವನ್ನೇ ನೋಡಿ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಬಿದ್ದಿರುವ ವಾಲಿ ಕೇಳುತ್ತಾನೆ. ನನಗೂ ನಿನಗೂ ಏನು ಹಗೆ? ಎದುರು ಬರಲು ಯಾಕೆ ಅಂಜಿದೆ? ಮಂಗನ ಊರಿನ ಜಗಳಕ್ಕೆ ಅಯೋಧ್ಯೆಯ ಧರ್ಮ ಯಾಕೆ? ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ಶಿಕ್ಷೆ ಕೊಟ್ಟೆ ಎಂದು ರಾಮ ಹೇಳಿದರೆ, ಅದಕ್ಕೂ ವಾಲಿಯ ಬಳಿ ಮಾತಿದೆ. ಕಾಸರಗೋಡಿನ ನೆಲದಿಂದ ಬಂದ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ ಕರಾವಳಿಯಲ್ಲಿ ಮನೆಮಾತು. ಸಾಯುವ ಪಾತ್ರ, ಸೋಲುವ ಪಾತ್ರ. ಆದರೂ ಜನ ಮಳೆಯಲ್ಲಿ ಕೊಡೆ ಹಿಡಿದು ಬರುತ್ತಿದ್ದದ್ದು ಅವನ ಮಾತು ಕೇಳಲು. ಕಥೆ ವಾಲಿಯ ಸಾವನ್ನು ಬರೆದಿತ್ತು, ವಾಲಿಯ ಮಾತನ್ನು ಯಾರೂ ಬರೆದಿರಲಿಲ್ಲ.

ಈ ಪದ್ಧತಿ ಒಮ್ಮೆ ಪುಣೆಯ ಬಾಗಿಲಿನವರೆಗೂ ಬಂದಿತ್ತು ಎಂಬುದು ನನಗೆ ಇಲ್ಲಿಗೆ ಬಂದ ಮೇಲೆ ತಿಳಿದ ಸಂಗತಿ.

1842ರಲ್ಲಿ ಹೊನ್ನಾವರದ ಹತ್ತಿರದ ಕರ್ಕಿಯಿಂದ ಒಂದು ಭಾಗವತ ಮೇಳ ಘಟ್ಟ ಹತ್ತಿ ಸಾಂಗ್ಲಿಗೆ ಹೋಯಿತು. ಅಲ್ಲಿಯ ಅರಸರು ಚಿಂತಾಮಣರಾವ್ ಪಟವರ್ಧನ್. ಆಟ ನೋಡಿದ ಅವರು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಇಂಥದ್ದನ್ನು ಮರಾಠಿಯಲ್ಲಿ ಮಾಡಲು ಹೇಳಿದರು. 1843ರ ನವೆಂಬರ್ 5ರಂದು ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮಹಾರಾಷ್ಟ್ರದಲ್ಲಿ ಇವತ್ತಿಗೂ ಆ ದಿನವನ್ನು ಮರಾಠಿ ರಂಗಭೂಮಿ ದಿನವೆಂದು ಆಚರಿಸುತ್ತಾರೆ. ಭಾವೆ ಕರ್ಕಿಯವರಿಂದ ಎಷ್ಟು ಪಡೆದರು, ಎಷ್ಟು ತಾವೇ ಕಟ್ಟಿದರು ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಆ ನಾಟಕಗಳು ನಡೆಯುತ್ತಿದ್ದ ರೀತಿ ನಮಗೆ ಅಪರಿಚಿತವಲ್ಲ. ಸೂತ್ರಧಾರ ಪದ್ಯ ಹಾಡುತ್ತಾನೆ, ಪಾತ್ರಧಾರಿಗಳು ಅದರ ಎಳೆ ಹಿಡಿದು ತಮಗೆ ತೋಚಿದ ಮಾತಾಡುತ್ತಾರೆ. ರಾಕ್ಷಸರು ಅಬ್ಬರಿಸಿಕೊಂಡು ಬರುತ್ತಾರೆ. ಆ ಅಬ್ಬರದಿಂದಲೇ ಇಂಥ ನಾಟಕಗಳಿಗೆ ಮುಂದೆ ‘ಅಲಲಡುರ್ರ್’ ಎಂಬ ಅಣಕದ ಹೆಸರು ಬಿತ್ತು.

ಅಣಕಿಸಿದವರು ಇಂಗ್ಲಿಷ್ ಶಿಕ್ಷಣ ಪಡೆದ ಹೊಸ ತಲೆಮಾರಿನವರು. ಅವರ ದೂರಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ತೋಚಿದ್ದು ಹೇಳುವ ರಂಗದಲ್ಲಿ ಗಂಟಲು ದೊಡ್ಡದಿದ್ದವನು ಗೆಲ್ಲುತ್ತಾನೆ. ರಾಕ್ಷಸ ಹತ್ತು ನಿಮಿಷ ಕೂಗಿದರೆ ಸೀತೆಯ ಪಾತ್ರಧಾರಿ ಬಾಯಿ ಮುಚ್ಚಿ ನಿಲ್ಲಬೇಕಾಗುತ್ತದೆ. ಮಾತಿಗೆ ನ್ಯಾಯ ಬೇಕಾದರೆ ಅದನ್ನು ಮೊದಲೇ ಬರೆದು ಹಂಚಬೇಕು ಎಂಬ ವಿಚಾರ ಬಂತು. 1861ರಲ್ಲಿ ವಿ. ಜ. ಕೀರ್ತನೆಯವರ ‘ಥೋರಲೇ ಮಾಧವರಾವ್ ಪೇಶ್ವೆ’ ಪ್ರಕಟವಾಯಿತು. ಪೂರ್ತಿ ಸಂಭಾಷಣೆ ಬರೆದ ಇಂಥ ನಾಟಕಗಳನ್ನು ‘ಬುಕಿಶ್’ ನಾಟಕ, ಅಂದರೆ ಪುಸ್ತಕದ ನಾಟಕ ಎಂದೇ ಕರೆದರು.

ಈ ಬದಲಾವಣೆಗೆ ಕೊನೆಯ ಮುದ್ರೆ ಬಿದ್ದದ್ದು ಪುಣೆಯಲ್ಲಿ. ಅದನ್ನು ಒತ್ತಿದವರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1843ರಲ್ಲಿ ಹುಟ್ಟಿದ ಬಲವಂತ ಪಾಂಡುರಂಗ ಕಿರ್ಲೋಸ್ಕರ್, ಎಲ್ಲರ ಬಾಯಲ್ಲಿ ಅಣ್ಣಾಸಾಹೇಬ್. ಭಾವೆಯವರ ಮೊದಲ ನಾಟಕವಾದ ವರ್ಷವೇ ಇವರು ಹುಟ್ಟಿದ ವರ್ಷ. 1880ರ ಅಕ್ಟೋಬರ್ 31ರಂದು ಬುಧವಾರ ಪೇಠೆಯ ಆನಂದೋದ್ಭವ ನಾಟಕಗೃಹದಲ್ಲಿ ಅವರ ‘ಸಂಗೀತ ಶಾಕುಂತಲ’ದ ಮೊದಲ ನಾಲ್ಕು ಅಂಕಗಳು ಪ್ರಯೋಗಗೊಂಡವು. ಮರಾಠಿ ಸಂಗೀತ ನಾಟಕದ ಯುಗ ಅಲ್ಲಿಂದ ಶುರುವಾಯಿತು.

ಆ ಸಂಜೆ ಒಂದು ಅದಲುಬದಲು ನಡೆಯಿತು. ಭಾವೆಯವರ ರಂಗದಲ್ಲಿ ಹಾಡು ಸೂತ್ರಧಾರನದು, ಮಾತು ಪಾತ್ರಧಾರಿಯದು. ಕಿರ್ಲೋಸ್ಕರರ ರಂಗದಲ್ಲಿ ದುಷ್ಯಂತ, ಶಕುಂತಲೆಯರು ತಮ್ಮ ಹಾಡನ್ನು ತಾವೇ ಹಾಡಿದರು. ಅದು ಸಣ್ಣ ಸಂಗತಿಯಲ್ಲ. ಆದರೆ ಆಡುವ ಪ್ರತಿಯೊಂದು ಮಾತೂ ಈಗ ನಾಟಕಕಾರನದು. ಪಾತ್ರಧಾರಿಗೆ ಹಾಡು ಸಿಕ್ಕಿತು, ಮಾತು ಕೈಬಿಟ್ಟಿತು.

ಬರೆದ ಮಾತಿಗೆ ಇನ್ನೊಂದು ಗುಣವೂ ಇದೆ. ಅದನ್ನು ಸರ್ಕಾರವೂ ಓದಬಹುದು. ನಾಟಕಗಳನ್ನು ಹತೋಟಿಯಲ್ಲಿಡಲು ಬ್ರಿಟಿಷರು 1876ರಲ್ಲೇ ಕಾನೂನು ತಂದಿದ್ದರು. 1907ರಲ್ಲಿ ಕೃ. ಪ್ರ. ಖಾಡಿಲ್ಕರರ ‘ಕೀಚಕವಧ’ ಬಂದಾಗ ಪ್ರೇಕ್ಷಕರು ಕೀಚಕನಲ್ಲಿ ಲಾರ್ಡ್ ಕರ್ಜನ್‌ನನ್ನು ಕಂಡರು. 1910ರಲ್ಲಿ ಆ ನಾಟಕ ನಿಷೇಧಕ್ಕೊಳಗಾಯಿತು. ಮಾತು ಕಾಗದದ ಮೇಲೆ ಬಂದರೆ ಅದನ್ನು ಉಳಿಸಬಹುದು, ಕಲಿಸಬಹುದು, ಊರೂರಿಗೆ ಒಯ್ಯಬಹುದು. ಹಾಗೆಯೇ ಯಾರೋ ಬಂದು ಜಪ್ತಿಯನ್ನೂ ಮಾಡಬಹುದು.

ಕಿರ್ಲೋಸ್ಕರರನ್ನು ದೂರಲು ನಾನು ಇದನ್ನೆಲ್ಲ ಬರೆಯುತ್ತಿಲ್ಲ. ಅವರ ನಾಟಕಗಳ ಹಾಡು ಇಲ್ಲದೆ ಪುಣೆಯ ಸಂಜೆಗಳನ್ನು ಊಹಿಸುವುದು ಕಷ್ಟ, ಆ ಹಾಡುಗಳಲ್ಲಿ ಕನ್ನಡನಾಡಿನ ಧಾಟಿಗಳೂ ಇವೆ. ನಾನು ಹೇಳುವುದು ಇಷ್ಟೇ: ಹಲವರು ಸೇರಿ ಒಂದು ಕಥೆ ಕಟ್ಟುವಾಗ ಮಾತು ಯಾರದು ಎಂಬ ಪ್ರಶ್ನೆಗೆ ಕರಾವಳಿ ಒಂದು ಉತ್ತರ ಕೊಟ್ಟಿತ್ತು, ಪುಣೆ ಇನ್ನೊಂದು ಕೊಟ್ಟಿತು. ನನ್ನ ಮಗಳ ಆಟದ ಬೇರು ಈ ಎರಡು ಕಡೆಯೂ ಇಲ್ಲ. ಅದು ಬಂದದ್ದು ಅಮೆರಿಕದಿಂದ. ಆದರೆ ಅಲ್ಲಿಯವರೂ ಇದೇ ಪ್ರಶ್ನೆಗೆ ಸಿಕ್ಕಿಬಿದ್ದರು.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ ಆಟ ಪ್ರಕಟಿಸಿದರು. ಮೇಜಿನ ಸುತ್ತ ಕೂತವರು ಒಂದೊಂದು ಪಾತ್ರ ವಹಿಸಿ ಬಾಯಿಮಾತಿನಲ್ಲೇ ಸಾಹಸ ಮಾಡುವ ಆಟ. ನಾನು ಹೊಡೆದೆ, ನೀನು ಸತ್ತೆ ಎಂಬ ಮಕ್ಕಳ ಜಗಳಕ್ಕೆ ಅವರು ಕಂಡುಕೊಂಡ ಪರಿಹಾರ ದಾಳ. ಏಟು ತಗಲಿತೋ ಇಲ್ಲವೋ ಎಂದು ಹೊಡೆದವನೂ ಹೇಳುವುದಿಲ್ಲ, ತಿಂದವನೂ ಹೇಳುವುದಿಲ್ಲ, ಉರುಳಿದ ದಾಳ ಹೇಳುತ್ತದೆ. ದಾಳಕ್ಕೆ ಪಕ್ಷಪಾತವಿಲ್ಲ ಎಂಬುದು ಅವರ ನಂಬಿಕೆ. ಶಕುನಿಯ ಕಥೆ ಕೇಳಿ ಬೆಳೆದ ನಮಗೆ ಅಷ್ಟು ನಂಬಿಕೆ ಬರುವುದು ಕಷ್ಟ.

ಸೂಪರ್‌ಹೀರೋಗಳ ಆಟಗಳು ಇದರ ಹಿಂದೆಯೇ ಬಂದವು. 1977ರಲ್ಲಿ ‘ಸೂಪರ್‌ಹೀರೋ 2044’, 1979ರಲ್ಲಿ ‘ವಿಲನ್ಸ್ ಆ್ಯಂಡ್ ವಿಜಿಲಾಂಟೀಸ್’. ಎರಡನೆಯದರಲ್ಲಿ ಆಟಗಾರರು ತಮ್ಮನ್ನೇ ಪಾತ್ರ ಮಾಡಿಕೊಂಡು, ತಮಗೊಂದು ಶಕ್ತಿ ಬಂದರೆ ಹೇಗೆ ಎಂದು ಆಡುತ್ತಿದ್ದರು. ಇಲ್ಲಿ ಹೊಸ ತೊಂದರೆಯೊಂದು ಎದುರಾಯಿತು. ಕತ್ತಿ ಹಿಡಿದ ಯೋಧನಿಗೆ ಒಂದು ಮಿತಿಯಿದೆ. ಹಾರುವವನು, ಗೋಡೆ ತೂರುವವನು, ಮನಸ್ಸು ಓದುವವನು ಎಲ್ಲರೂ ಒಂದೇ ಕಥೆಯಲ್ಲಿ ಬಂದರೆ ಸಮತೋಲ ಹೇಗೆ?

1981ರಲ್ಲಿ ಬಂದ ‘ಚಾಂಪಿಯನ್ಸ್’ ಎಂಬ ಆಟ ಇದಕ್ಕೆ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿತು. ಜಾರ್ಜ್ ಮ್ಯಾಕ್‌ಡೊನಾಲ್ಡ್ ಮತ್ತು ಸ್ಟೀವ್ ಪೀಟರ್ಸನ್ ರಚಿಸಿದ ಈ ಆಟದಲ್ಲಿ ಎಲ್ಲರಿಗೂ ಸಮನಾದ ಅಂಕಗಳು ಸಿಗುತ್ತವೆ. ಅವನ್ನು ಖರ್ಚು ಮಾಡಿ ಶಕ್ತಿಗಳನ್ನು ಕೊಳ್ಳಬೇಕು. ಇನ್ನೂ ಶಕ್ತಿ ಬೇಕೇ? ಹಾಗಾದರೆ ಒಂದು ದೌರ್ಬಲ್ಯ ಒಪ್ಪಿಕೊ: ಬೆನ್ನಟ್ಟಿ ಬರುವ ಶತ್ರು, ಕಾಪಾಡಲೇಬೇಕಾದ ವಯಸ್ಸಾದ ತಾಯಿ, ಮುರಿಯಲಾಗದ ಆಣೆ. ಒಪ್ಪಿದಷ್ಟೂ ಅಂಕ ಹೆಚ್ಚು. ನಮ್ಮ ಪುರಾಣಗಳಲ್ಲಿ ಇದೇ ಲೆಕ್ಕ ನಡೆಯುತ್ತದೆ. ಕರ್ಣನಿಗೆ ಹುಟ್ಟುತ್ತಲೇ ಕವಚವಿತ್ತು, ಆದರೆ ಕೇಳಿದವರಿಗೆ ಇಲ್ಲವೆನ್ನಲಾರದ ವ್ರತವೂ ಇತ್ತು, ಪರಶುರಾಮರ ಶಾಪವೂ ಇತ್ತು. ದೌರ್ಬಲ್ಯವಿಲ್ಲದ ವೀರನ ಮುಂದೆ ಉಳಿದ ಪಾತ್ರಗಳಿಗೆ ಮಾಡಲು ಕೆಲಸವೇ ಇರುವುದಿಲ್ಲ. ನಮ್ಮ ಮನೆಯ ಮುಠಾಳಿಗೆ ಬೇಸಿಗೆ ಇರುವುದು ಈ ಕಾರಣಕ್ಕೆ.

ದಾಳ, ಅಂಕ ಎರಡೂ ಸಾಲದೆ ಬಂದ ಮೂರನೆಯ ಪ್ರಶ್ನೆ ಒಡೆತನದ್ದು. 1983ರಲ್ಲಿ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ ಅವರಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ‘ಸೂಪರ್‌ವರ್ಲ್ಡ್’ ಎಂಬ ಆಟ ಬಂತು. ಮುಂದೆ ‘ಗೇಮ್ ಆಫ್ ಥ್ರೋನ್ಸ್’ ಬರೆದು ಜಗತ್ಪ್ರಸಿದ್ಧರಾದ ಅದೇ ಮಾರ್ಟಿನ್. ಆಲ್ಬುಕರ್ಕಿ ಊರಿನಲ್ಲಿ ಅವರೂ ಲೇಖಕ ಗೆಳೆಯರೂ ಎಷ್ಟು ಆಡಿದರೆಂದರೆ, ಬರವಣಿಗೆಯೇ ಹಿಂದೆ ಬಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಕೊನೆಗೆ ಆಟದ ಪಾತ್ರಗಳನ್ನೇ ಕಥೆಗಳಾಗಿಸಿದರು. 1987ರಲ್ಲಿ ‘ವೈಲ್ಡ್ ಕಾರ್ಡ್ಸ್’ ಮಾಲೆಯ ಮೊದಲ ಪುಸ್ತಕ ಬಂತು. ಹಲವು ಲೇಖಕರು ಒಂದೇ ಲೋಕದಲ್ಲಿ ಬರೆಯುವ ಆ ಮಾಲೆ ಇಪ್ಪತ್ತೈದು ಪುಸ್ತಕ ದಾಟಿದೆ. ಅಲ್ಲಿ ಒಬ್ಬರ ಪಾತ್ರವನ್ನು ಇನ್ನೊಬ್ಬರು ತಮ್ಮ ಕಥೆಯಲ್ಲಿ ಬಳಸಬಹುದು, ಆದರೆ ಸೃಷ್ಟಿಸಿದವರ ಒಪ್ಪಿಗೆ ಬೇಕು. ನನ್ನ ಮಗಳು ಅಡುಗೆಮನೆಯಲ್ಲಿ ನಿಂತು ಕೇಳಿದ್ದು ಇದನ್ನೇ.

ಅದೇ ಹೊತ್ತಿಗೆ ಆಟ ಕಂಪ್ಯೂಟರಿಗೂ ಇಳಿಯುತ್ತಿತ್ತು. 1978ರಲ್ಲೇ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಬರೀ ಅಕ್ಷರಗಳ ಒಂದು ಲೋಕವನ್ನು ಶುರುಮಾಡಿದ್ದರು, ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದರು. ಬೇರೆಬೇರೆ ಕಡೆ ಕೂತವರು ಅದರಲ್ಲಿ ಒಟ್ಟಿಗೆ ಓಡಾಡಬಹುದಿತ್ತು. 2004ರಲ್ಲಿ ‘ಸಿಟಿ ಆಫ್ ಹೀರೋಸ್’ ಬಂತು. ಸಾವಿರಾರು ಜನ ತಾವೇ ರೂಪಿಸಿದ ಸೂಪರ್‌ಹೀರೋಗಳಾಗಿ ಒಂದೇ ನಗರದಲ್ಲಿ ಬದುಕಿದರು. ಜನ ತಮ್ಮ ಪಾತ್ರಗಳನ್ನು ನೋಡಿ ನಕಲು ಮಾಡುತ್ತಿದ್ದಾರೆಂದು ಮಾರ್ವೆಲ್ ಕಂಪನಿ ಅದೇ ವರ್ಷ ದಾವೆ ಹೂಡಿತು, ಮರುವರ್ಷ ಅದು ರಾಜಿಯಲ್ಲಿ ಮುಗಿಯಿತು. 2012ರ ನವೆಂಬರ್ 30ರಂದು ಮಾಲೀಕರು ಆಟವನ್ನೇ ಮುಚ್ಚಿದರು. ಎಂಟು ವರ್ಷ ಸಾಕಿದ ಪಾತ್ರಗಳು ಒಂದೇ ರಾತ್ರಿಯಲ್ಲಿ ಇಲ್ಲವಾದವು. ಅಭಿಮಾನಿಗಳು ಅದನ್ನು ಮತ್ತೆ ಕಟ್ಟಿದರು, 2024ರಲ್ಲಿ ಕಂಪನಿ ಒಂದು ಅಭಿಮಾನಿ ತಂಡಕ್ಕೆ ಪರವಾನಗಿ ಕೊಟ್ಟಿತು. ಆದರೂ ಪಾಠ ಪಾಠವೇ. ಪಾತ್ರ ನನ್ನದಾದರೂ ಚಾವಡಿ ಬೇರೆಯವರದಾದರೆ, ಅವರು ದೀಪ ಆರಿಸಿದಾಗ ಆಟ ಮುಗಿಯುತ್ತದೆ.

ಬರಿಯ ಬರವಣಿಗೆಯಲ್ಲಿ ಆಡುವ ಮಕ್ಕಳ ಗುಂಪುಗಳಿಗೆ ಇಂಥ ಮಾಲೀಕರಿಲ್ಲ. ನನ್ನ ಮಗಳ ಗುಂಪಿನಲ್ಲಿ ದಾಳವೂ ಇಲ್ಲ. ಅಲ್ಲಿರುವುದು ತಾಳಮದ್ದಳೆಯ ಮರ್ಯಾದೆಯಂಥದೇ ಒಂದು ಒಪ್ಪಂದ. ತಾಳಮದ್ದಳೆಗಿರುವ ದೊಡ್ಡ ಆಸರೆಯೊಂದು ಮಾತ್ರ ಅವರಿಗಿಲ್ಲ: ಎಲ್ಲರಿಗೂ ಗೊತ್ತಿರುವ ಕಥೆ. ವಾಲಿ ಸಾಯುತ್ತಾನೆಂದು ಇಬ್ಬರಿಗೂ ಗೊತ್ತಿರುವುದರಿಂದ ಅರ್ಥಧಾರಿಗಳು ಗೆಲುವು ಸೋಲಿನ ಚಿಂತೆ ಬಿಟ್ಟು ಮಾತಿಗೆ ಮನಸ್ಸು ಕೊಡಬಲ್ಲರು. ಈ ಮಕ್ಕಳಿಗೆ ಕೊನೆ ಗೊತ್ತಿಲ್ಲ, ಎಲ್ಲರಿಗೂ ಗೆಲ್ಲುವ ಆಸೆ. ಆದ್ದರಿಂದ ಅವರ ಒಪ್ಪಂದ ಹೆಚ್ಚು ಸುಲಭವಾಗಿ ಮುರಿಯುತ್ತದೆ.

ಇದನ್ನೆಲ್ಲ ಆ ರಾತ್ರಿ ಅವಳಿಗೆ ಹೇಳಲಿಲ್ಲ. ಚಹಾ ಮಾಡಿಕೊಟ್ಟು ವಾಲಿಯ ಕಥೆ ಹೇಳಿದೆ. ಬಾಣ ತಗಲಿ ಬಿದ್ದವನು ಒಂದು ಗಂಟೆ ಮಾತಾಡುತ್ತಾನೆ, ರಾಮ ಕೂತು ಕೇಳಿ ಉತ್ತರ ಕೊಡಬೇಕಾಗುತ್ತದೆ ಎಂದೆ.

"ವಾಲಿಗೆ ತಾನು ಸಾಯ್ತೀನಿ ಅಂತ ಗೊತ್ತಿರ್ತಿತ್ತಾ?"

"ವಾಲಿಗೆ ಗೊತ್ತಿರಲಿಲ್ಲ. ಅರ್ಥ ಹೇಳೋರಿಗೆ ಗೊತ್ತಿರ್ತಿತ್ತು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನಾಗಪುರದ ಹುಡುಗಿಗೆ ಫೋನು ಮಾಡಿದಳು. ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಾತಾಡಿದರು. ಗೇಮ್ ಮಾಸ್ಟರ್ ತೀರ್ಪು ಭಾಗವತರ ತೀರ್ಪಿನಂತೆಯೇ ಇತ್ತು: ಆ ಸಾಲಿನ ಎರಡನೇ ಅರ್ಧ ಅಳಿಸಬೇಕು. ಹುಡುಗ ಮೊದಲು ಮುನಿಸಿಕೊಂಡ, ಆಮೇಲೆ ಅಳಿಸಿದ. ಉಳಿದದ್ದು ಬೀಸಿದ ಕೈ ಮಾತ್ರ.

ಎರಡು ದಿನ ಅವಳು ಏನೂ ಬರೆಯಲಿಲ್ಲ. ಮೂರನೆಯ ದಿನ ಶಾಲೆಯಿಂದ ಬಂದು, ಚೀಲ ಇಳಿಸುವ ಮೊದಲೇ ಹೇಳಿದಳು:

"ಅಪ್ಪ, ಮುಠಾ ಸೇತುವೆಯಿಂದ ಬಿದ್ದಳು."

"ಅಯ್ಯೋ, ಮತ್ತೆ ಅವನೇ ಬರೆದ್ನಾ?"

"ಇಲ್ಲ, ನಾನೇ ಬರೆದೆ. ಬೀಳುವಾಗ ಏನೇನು ಕೇಳಿಸ್ತು ಅಂತ ನಾಲ್ಕು ಪುಟ ಆಯ್ತು. ಈಗ ಅವನ ಸರದಿ. ಏನು ಬರೀಲಿ ಅಂತ ನನ್ನನ್ನೇ ಕೇಳ್ತಿದಾನೆ."